ಶಿಲಾಕೊಠಡಿಯ ಋಣ

ತುಮಕೂರಿನ ನಮ್ಮ ಕಾಲೇಜಿನ ಹಳೆಯ ಕಟ್ಟಡದಲ್ಲಿ ಶಾಲಾ ಮಕ್ಕಳಿಗಾಗಿ ರೂಪಿಸಿದ ಶಿಲಾಕೊಠಡಿಯು ಕಳೆದ ವಾರ ಬಾಗಿಲು ತೆರೆಯಿತು. ಗುಬ್ಬಿ, ಪಾವಗಡ, ಚಿಕ್ಕನಾಯಕನಹಳ್ಳಿ ಕಡೆಯ ಮಕ್ಕಳು ಬಂದು, ತಮ್ಮದೇ ಜಿಲ್ಲೆಯ ಕಲ್ಲುಗಳ ಎದುರು ನಿಂತು, ಮನುಷ್ಯರಿಲ್ಲದ ಕಾಲದಲ್ಲಿ ಭೂಮಿಯ ಹವಾಮಾನ ಹೇಗಿತ್ತೆಂದು ಕೇಳಿ ತಿಳಿದುಕೊಂಡು ಹೋದರು. ನಾನು ಆಸ್ಪತ್ರೆಯಲ್ಲಿದ್ದ ತಿಂಗಳುಗಳಲ್ಲಿ ಈ ಕೆಲಸ ನಡುವೆ ನಿಂತುಹೋದದ್ದು ಹತ್ತಿರದವರಿಗೆಲ್ಲ ತಿಳಿದೇ ಇದೆ. ನಿಂತ ಕೆಲಸ ಮತ್ತೆ ಸಾಗಿದ್ದು ಯಾರಿಂದ ಎಂಬುದನ್ನು ಮಾತ್ರ ನಾನು ಎಲ್ಲರೆದುರು ಹೇಳಬೇಕಾಗಿದೆ.

ಕೊಠಡಿ ಬಿಟ್ಟುಕೊಟ್ಟ ಆಡಳಿತ ಮಂಡಳಿಗೆ, ಕಪಾಟುಗಳನ್ನು ಮಾಡಿಕೊಟ್ಟ ಬಡಗಿಯವರಿಗೆ, ನಾನಿಲ್ಲದಾಗ ನನ್ನ ತರಗತಿಗಳನ್ನು ತೆಗೆದುಕೊಂಡ ಸಹೋದ್ಯೋಗಿಗಳಿಗೆ, ಮನೆಯವರಿಗೆ, ಒಡಿಶಾದ ತಾಲ್ಚೇರಿನಿಂದ ಗೀರುಬಿದ್ದ ಗುಂಡುಕಲ್ಲೊಂದನ್ನು ಹೊತ್ತು ತಂದ ಸಹಪಾಠಿಗೆ ನಾನು ಕೃತಜ್ಞಳು. 1856ರಲ್ಲಿ ಭೂವಿಜ್ಞಾನಿಗಳಾದ ಬ್ಲಾನ್‌ಫರ್ಡ್ ಸಹೋದರರೂ ಥಿಯೋಬಾಲ್ಡರೂ ಅಲ್ಲಿನ ಅಂಥ ಕಲ್ಲುಗಳನ್ನು ನೋಡಿ ಇದು ಹಿಮದ ಕೆಲಸವೆಂದು ಗುರುತಿಸಿದ್ದರು. ಸುಮಾರು 30 ಕೋಟಿ ವರ್ಷಗಳ ಹಿಂದೆ ನಮ್ಮ ನೆಲದ ಮೇಲೆ ಹಿಮನದಿಗಳು ಸರಿದಿದ್ದವು ಎಂಬ ಮಾತನ್ನು ಪಾವಗಡದ ಮಕ್ಕಳು ಆ ಗೀರುಗಳ ಮೇಲೆ ಬೆರಳಾಡಿಸಿದ ಮೇಲೆಯೇ ನಂಬಿದರು.

ಉಳಿದ ಮಾತೆಲ್ಲ ನಮ್ಮ ವಿಭಾಗದ ಅಟೆಂಡರ್ ಕುರಿತದ್ದು. ಹೆಸರು ಬರೆಯಬೇಡಿರೆಂದು ಅವರೇ ಹೇಳಿರುವುದರಿಂದ, ಎಂದಿನಂತೆ ಅಣ್ಣ ಎಂದೇ ಕರೆಯುತ್ತೇನೆ.

ನಾನು ಆಸ್ಪತ್ರೆಯಿಂದ ಮರಳಿದ ಮೇಲೆ ಬಂದ ಚಿತ್ತಾ ಮಳೆಯ ಒಂದು ರಾತ್ರಿ, ಮಾದರಿಗಳನ್ನಿಟ್ಟಿದ್ದ ಕೋಣೆಯ ಶೀಟು ಕಿತ್ತುಹೋಗಿ ನೀರು ನುಗ್ಗಿತು. ಕಲ್ಲುಗಳಿಗೆ ಏನೂ ಆಗಲಿಲ್ಲ. ಆದರೆ ಅವುಗಳ ಚೀಟಿಗಳು ಮುದ್ದೆಯಾಗಿ, ಕ್ಷೇತ್ರಕಾರ್ಯದ ಪುಸ್ತಕದ ಶಾಯಿ ಹಬ್ಬಿ, ಯಾವ ಕಲ್ಲು ಯಾವ ಜಾಗದ್ದು, ನೆಲದಲ್ಲಿ ಅದರ ಯಾವ ಮಗ್ಗುಲು ಮೇಲಿತ್ತು ಎಂಬ ಬರಹವೆಲ್ಲ ಅಳಿಸಿಹೋಯಿತು. ಇದು ಸಣ್ಣ ನಷ್ಟವಲ್ಲ. ನಮ್ಮ ಜಿಲ್ಲೆಯ ದೊಡ್ಡಗುಣಿಯ ಸುಣ್ಣಕಲ್ಲಿನಲ್ಲಿ 250 ಕೋಟಿ ವರ್ಷಗಳಿಗೂ ಹಿಂದೆ ಆಳವಿಲ್ಲದ ಸಮುದ್ರದಲ್ಲಿ ಸೂಕ್ಷ್ಮಜೀವಿಗಳು ಪದರ ಪದರವಾಗಿ ಕಟ್ಟಿದ ಸ್ಟ್ರೊಮ್ಯಾಟೊಲೈಟುಗಳಿವೆ. ಒಂದರ ಮೇಲೊಂದು ಬೋರಲು ಹಾಕಿದ ಬಟ್ಟಲುಗಳಂತಿರುವ ಅವುಗಳ ಉಬ್ಬು ಬೆಳಕಿನ ಕಡೆಗೆ ಬೆಳೆದದ್ದು. ಪದರಗಳಲ್ಲಿ ಹಳೆಯದು ಯಾವುದು, ಹೊಸದು ಯಾವುದು ಎಂಬ ಲೆಕ್ಕಕ್ಕೆ ಆ ಉಬ್ಬಿನ ದಿಕ್ಕೇ ಆಧಾರ. ಇಷ್ಟು ಹಳೆಯ ಕಲ್ಲು ಭೂಮಿಯೊಳಗಿನ ಬಿಸಿಗೂ ಒತ್ತಡಕ್ಕೂ ಸಿಕ್ಕಿ ಬದಲಾಗಿರುವುದರಿಂದ, ಅದರಲ್ಲಿನ ಆಮ್ಲಜನಕದ ಐಸೊಟೋಪುಗಳನ್ನು, ಅಂದರೆ ತೂಕದಲ್ಲಿ ಬೇರೆಯಾದ ಅದರ ಪರಮಾಣುಗಳನ್ನು, ಅಳೆದು ಅಂದಿನ ನೀರಿನ ಉಷ್ಣತೆ ಇಷ್ಟೇ ಎಂದು ಧೈರ್ಯವಾಗಿ ಹೇಳಲಾಗದು. ಹಾಗಾಗಿ ಜಾಗ, ದಿಕ್ಕು, ಪದರದ ಕ್ರಮ ಇವೇ ನಮಗೆ ಗಟ್ಟಿ ಸಾಕ್ಷಿ. ಅವು ಹೋದರೆ ಉಳಿಯುವುದು ಬರೀ ಕಲ್ಲು.

ಆ ರಾತ್ರಿ ನಾನು ಹೊರಗಿನ ಮೆಟ್ಟಿಲ ಮೇಲೆ ಕುಳಿತು, ಬದುಕಿ ಬಂದದ್ದಾದರೂ ಏಕೆ ಎಂದು ಕೂಗಿಯೇ ಕೇಳಿದೆ. ಆ ಮಾತು ಬಾಯಿಂದ ಬಂದದ್ದು ಶೀಟು ಕಿತ್ತುಹೋದದ್ದಕ್ಕಲ್ಲವೆಂದು ಈಗ ತಿಳಿಯುತ್ತದೆ. ಅಷ್ಟು ದಿನ ಒಳಗೆ ಕಟ್ಟಿಟ್ಟುಕೊಂಡಿದ್ದ ಭಯವೆಲ್ಲ ಆಗ ಹೊರಬಂತು. ಅಣ್ಣ ನನ್ನನ್ನು ಸಮಾಧಾನಪಡಿಸಲು ಹೋಗಲಿಲ್ಲ. ಟಾರ್ಪಾಲು ತಂದು ಹೊದಿಸಿದರು, ಕರೆಂಟು ಹೋಗಿದ್ದರಿಂದ ಎಮರ್ಜೆನ್ಸಿ ಲೈಟು ಹಚ್ಚಿದರು, ಒಂದು ಕಲ್ಲನ್ನು ಎತ್ತಿ ನನ್ನ ಮುಂದೆ ಹಿಡಿದರು. “ಬರ್ಕಳ್ಳಿ ಮೇಡಂ. ಇದು ದೊಡ್ಡಗುಣಿದು, ಹುಣಸೆಮರದ ಪಕ್ಕದ ಬಂಡೆದು. ಈ ಬಿಳೀ ಮಗ್ಗುಲು ನೆಲಕ್ಕಿತ್ತು.”

ಬೆಳಗಾಗುವವರೆಗೆ ಅವರು ಹೇಳುತ್ತ ಹೋದರು, ನಾನು ಬರೆದುಕೊಳ್ಳುತ್ತ ಹೋದೆ. ಆ ಕಲ್ಲುಗಳನ್ನು ಗದ್ದೆಬದುಗಳ ಮೇಲೆ, ಹಳ್ಳ ದಾಟಿಸಿ, ಬಸ್ಸಿನವರೆಗೆ ಹೊತ್ತು ತಂದಿದ್ದವರು ಅವರೇ. ನಾನು ಅಕ್ಷಾಂಶ ರೇಖಾಂಶಗಳಲ್ಲಿ ಬರೆದಿಟ್ಟದ್ದನ್ನು ಅವರು ಮರ, ಬಾವಿ, ಕುರಿಹಟ್ಟಿಗಳ ಗುರುತಿನಲ್ಲಿ ಉಳಿಸಿಕೊಂಡಿದ್ದರು. ಮುಂದೆ ನಾವು ಅದನ್ನೆಲ್ಲ ಹಳೆಯ ಫೋಟೋಗಳೊಡನೆ ಹೋಲಿಸಿದೆವು; ಫೋಟೋ ಇದ್ದ ಕಡೆಯಲ್ಲೆಲ್ಲ ಅವರ ಮಾತು ಸರಿಯಾಗಿಯೇ ಇತ್ತು. ಫೋಟೋ ಇಲ್ಲದ ಕಲ್ಲುಗಳ ಚೀಟಿಯಲ್ಲಿ ‘ನೆನಪಿನಿಂದ’ ಎಂದು ಸ್ಪಷ್ಟವಾಗಿ ನಮೂದಿಸಿದ್ದೇವೆ. ಹಾಗೆ ನಮೂದಿಸಲೇಬೇಕೆಂದು ಹಟ ಹಿಡಿದವರೂ ಅವರೇ. ವಿಜ್ಞಾನದ ಶಿಸ್ತನ್ನು ನಾನು ಪದವಿ ತರಗತಿಗಳಲ್ಲಿ ವರ್ಷಗಟ್ಟಲೆ ಬೋಧಿಸಿದ್ದೇನೆ, ಆದರೆ ಅಷ್ಟು ನಿರ್ಮಲವಾಗಿ ಅದನ್ನು ಪಾಲಿಸಿದವರನ್ನು ಕಂಡದ್ದು ವಿರಳ.

ಈಗ ಆ ಕಲ್ಲುಗಳ ಮುಂದೆ ಮಕ್ಕಳು ಕೇಳುವ ಪ್ರಶ್ನೆಗಳು ದೊಡ್ಡವು. ದೊಡ್ಡಗುಣಿಯ ಸುಣ್ಣಕಲ್ಲು ರೂಪುಗೊಂಡ ಕಾಲದಲ್ಲಿ ಸೂರ್ಯನ ಪ್ರಕಾಶ ಇಂದಿಗಿಂತ ಸುಮಾರು ಐದನೆಯ ಒಂದು ಪಾಲು ಕಡಿಮೆ ಇದ್ದರೂ ಸಮುದ್ರ ಹೆಪ್ಪುಗಟ್ಟಿರಲಿಲ್ಲವೆಂಬುದಕ್ಕೆ ನಮ್ಮ ಸುಣ್ಣಕಲ್ಲೇ ಸಾಕ್ಷಿ. 1972ರಲ್ಲಿ ವಿಜ್ಞಾನಿಗಳಾದ ಕಾರ್ಲ್ ಸೇಗನ್ ಮತ್ತು ಜಾರ್ಜ್ ಮುಲ್ಲೆನ್ ಎತ್ತಿದ ಆ ಒಗಟಿಗೆ, ವಾತಾವರಣದಲ್ಲಿ ಅಂದು ಹೇರಳವಾಗಿದ್ದ ಇಂಗಾಲದ ಡೈಆಕ್ಸೈಡ್ ಮತ್ತು ಮೀಥೇನ್ ಶಾಖವನ್ನು ಹಿಡಿದಿಟ್ಟಿದ್ದವು ಎಂಬುದು ಇಂದು ಬಹುಮಂದಿ ಒಪ್ಪುವ ಉತ್ತರ. ಚಿಕ್ಕನಾಯಕನಹಳ್ಳಿಯ ಪಟ್ಟೆಪಟ್ಟೆಯ ಕಬ್ಬಿಣದ ಕಲ್ಲನ್ನು ತೋರಿಸಿ, ಗಾಳಿಯಲ್ಲಿ ಆಮ್ಲಜನಕ ನೆಲೆಗೊಳ್ಳುವ ಮುಂಚೆ ಸಮುದ್ರದ ನೀರಿನಲ್ಲಿ ಕರಗಿದ್ದ ಕಬ್ಬಿಣವೇ ತಳಕ್ಕಿಳಿದು ಹೀಗೆ ಪಟ್ಟೆಯಾಯಿತೆಂದು ಹೇಳಿದಾಗ, ಗಣಿ ಲಾರಿಗಳನ್ನು ನೋಡುತ್ತ ಬೆಳೆದ ಹುಡುಗಿಯೊಬ್ಬಳು, “ಹಂಗಾದ್ರೆ ನಮ್ಮೂರು ಸಮುದ್ರವಾಗಿತ್ತಾ ಮಿಸ್?” ಎಂದು ಕೇಳಿದಳು. ಹಾಗೆ ಕೇಳುವ ಒಂದು ಮಗುವಿಗಾಗಿಯೇ ಈ ಕೊಠಡಿಯನ್ನು ಕಟ್ಟಬಹುದಿತ್ತು.

ದೊಡ್ಡಗುಣಿಯ ಬಂಡೆಗಳನ್ನು ನೋಡಲು ಹೋಗುವ ಶಿಕ್ಷಕರು ದಯವಿಟ್ಟು ಸುತ್ತಿಗೆ ಒಯ್ಯಬೇಡಿ. ಫೋಟೋ ತೆಗೆಯಿರಿ, ದಿಕ್ಕನ್ನು ಬರೆದುಕೊಳ್ಳಿ, ಕಲ್ಲನ್ನು ಅಲ್ಲಿಯೇ ಬಿಡಿ. ಸಂಕ್ರಾಂತಿ ಕಳೆದ ಮೇಲೆ ಮೊದಲ ತಂಡವನ್ನು ನಾವೇ ಅಲ್ಲಿಗೆ ಕರೆದೊಯ್ಯುತ್ತೇವೆ. ಆ ದಿನ ಬಂಡೆಗಳ ಮುಂದೆ ನಿಂತು ಮಕ್ಕಳಿಗೆ ಪಾಠ ಹೇಳಬೇಕೆಂದು ಅಣ್ಣನವರನ್ನು ಕೇಳಿಕೊಂಡಿದ್ದೇನೆ. ಅವರು ಒಪ್ಪಿದ್ದಾರೆ.