ದೂರು ಕೊಡಲಿಲ್ಲ ಎಂದು ಪೋಷಕರನ್ನೇ ಬೈಯಬೇಡಿ

ಮಾನ್ಯ ಸಂಪಾದಕರೇ,

ನಮ್ಮ ಬಡಾವಣೆಯ ಶಾಲೆ ಮುಂದೆ ಎಲ್‌ಕೆಜಿ ಅರ್ಜಿಗಾಗಿ ಪೋಷಕರು ರಾತ್ರಿಯಿಂದಲೇ ಸಾಲು ನಿಂತ ಸುದ್ದಿಯನ್ನು ನಿನ್ನೆ ಫೋಟೊ ಸಮೇತ ಹಾಕಿದ್ದೀರಿ. ಹಾಕಿದ್ದು ಒಳ್ಳೆಯದೇ ಆಯಿತು. ಆದರೆ ಸುದ್ದಿಯ ಕೊನೆಯಲ್ಲಿ ಶಿಕ್ಷಣ ಇಲಾಖೆಯ ಅಧಿಕಾರಿಯೊಬ್ಬರು ಹೇಳಿದ ಮಾತು ಓದಿ ಮೈ ಉರಿದುಹೋಯಿತು. ಯಾವ ಪೋಷಕರೂ ಅವರಿಗೆ ದೂರು ಕೊಟ್ಟಿಲ್ಲವಂತೆ. ಒಂದೇ ಶಾಲೆಗೆ ಮುಗಿಬೀಳುವ ನಮ್ಮ ಮನೋಭಾವ ಬದಲಾಗಬೇಕಂತೆ. ಆ ಸಾಲಿನಲ್ಲಿ ನಾನೂ ಇದ್ದೆ. ಅದಕ್ಕೇ ಈ ಪತ್ರ.

ಬೆಳಿಗ್ಗೆ ಒಂಬತ್ತಕ್ಕೆ ಅರ್ಜಿ ಕೊಡುತ್ತೇವೆ, ಮೊದಲು ಬಂದವರಿಗೆ ಮೊದಲು ಎಂದು ಶಾಲೆಯವರು ವಾಟ್ಸ್‌ಆ್ಯಪ್‌ನಲ್ಲಿ ತಿಳಿಸಿದ್ದರು. ಎಷ್ಟು ಅರ್ಜಿ, ಎಷ್ಟು ಸೀಟು ಎಂದು ಹೇಳಿರಲಿಲ್ಲ. ಹೇಳದೆ ಇದ್ದುದಕ್ಕೇ ಜನ ರಾತ್ರಿ ಬಂದು ಕೂತರು. ನನ್ನ ಯಜಮಾನರು ಊಟ ಮುಗಿಸಿ ಹೋಗಿ ನಿಂತರು. ನಸುಕಿನಲ್ಲಿ ನಾನು ಹೋಗಿ ಅವರನ್ನು ಕಳಿಸಿದೆ, ಅವರಿಗೆ ಬೆಳಗಿನ ಶಿಫ್ಟ್ ಇತ್ತು. ಮಗಳಿಗೆ ಜ್ವರ. ಅವಳನ್ನು ಅತ್ತೆಯ ಪಕ್ಕ ಮಲಗಿಸಿ ಬಂದಿದ್ದೆ. ಒಳಚರಂಡಿ ಕೆಲಸಕ್ಕೆ ಅಗೆದು ಹಾಗೇ ಬಿಟ್ಟ ರಸ್ತೆ ಅದು. ಕೂರಲು ಜಾಗ ಇಲ್ಲ. ನನ್ನ ಮುಂದೆ ತುಂಬು ಬಸುರಿಯೊಬ್ಬರಿದ್ದರು. ಅವರಿಗೆ ಶೌಚಾಲಯ ಬೇಕು ಎಂದು ಕೇಳಿದರೆ ಗೇಟು ತೆಗೆಯಲು ಪರ್ಮಿಷನ್ ಇಲ್ಲ ಎಂದ ಸೆಕ್ಯೂರಿಟಿಯವನು. ಕೊನೆಗೆ ಎದುರು ಮನೆಯ ಅಜ್ಜಿಯೊಬ್ಬರು ಕರೆದು ಒಳಗೆ ಬಿಟ್ಟರು. ಗೇಟು ತೆರೆದಾಗ ಒಂಬತ್ತೂವರೆ ದಾಟಿತ್ತು. ಅಷ್ಟರಲ್ಲಾಗಲೇ ಕಾರಿನಲ್ಲಿ ಬಂದ ಕೆಲವರು ಹಿಂದಿನ ಗೇಟಿನಿಂದ ಅರ್ಜಿ ಹಿಡಿದು ಹೊರಗೆ ಬರುತ್ತಿದ್ದರು. ಎಲ್ಲರೂ ಕಣ್ಣಾರೆ ನೋಡಿದೆವು. ನಿಮ್ಮ ವರದಿಯಲ್ಲಿ ಅದು ಇಲ್ಲ.

ಅರ್ಜಿಗೆ 1,000 ರೂಪಾಯಿ. ಸೀಟು ಸಿಗದಿದ್ದರೆ ವಾಪಸ್ ಇಲ್ಲ. ಜೊತೆಗೆ ಮಗುವಿನ ಆಧಾರ್, ಜನನ ಪ್ರಮಾಣಪತ್ರ, ಅಪ್ಪ ಅಮ್ಮ ಇಬ್ಬರ ಡಿಗ್ರಿ ಅಂಕಪಟ್ಟಿ, ಸಂಬಳದ ಚೀಟಿ ಎಲ್ಲ ಬೇಕಂತೆ. ನನ್ನ ಅಂಕಪಟ್ಟಿ ನೋಡಿ ಮೂರೂವರೆ ವರ್ಷದ ಮಗುವಿಗೆ ಸೀಟು ಕೊಡುವುದು ಯಾವ ನ್ಯಾಯ? ಹಾಗಾದರೆ ಓದದ ತಾಯಿಯ ಮಗು ಎಲ್ಲಿಗೆ ಹೋಗಬೇಕು?

ಇದಕ್ಕೂ ಮೊದಲು ಇನ್ನೊಂದು ಶಾಲೆಯಲ್ಲಿ ‘ಇಂಟರಾಕ್ಷನ್’ ಆಯಿತು. ಅದು ಸಂದರ್ಶನವೇ. ಮಗಳನ್ನು ನಮ್ಮಿಂದ ಬಿಡಿಸಿ ಒಳಗೆ ಕರೆದುಕೊಂಡು ಹೋದರು. ಗುರುತಿಲ್ಲದ ಇಬ್ಬರು ಮೇಡಮ್ಮಂದಿರು ಇಂಗ್ಲಿಷಿನಲ್ಲಿ ಬಣ್ಣ ಕೇಳಿದರಂತೆ, ಹಣ್ಣಿನ ಹೆಸರು ಕೇಳಿದರಂತೆ. ನಾವು ಮನೆಯಲ್ಲಿ ಆಡುವುದು ಕನ್ನಡ. ಮಗು ಬಾಯಿ ಬಿಡಲಿಲ್ಲ, ಅತ್ತಿತು. ಆಮೇಲೆ ನಮ್ಮಿಬ್ಬರನ್ನು ಕೂರಿಸಿಕೊಂಡು, ಸಂಜೆ ಮಗುವಿಗೆ ಯಾರು ಓದಿಸುತ್ತೀರಿ, ಸ್ವಂತ ಮನೆಯಾ ಬಾಡಿಗೆಯಾ, ಇನ್ನೊಂದು ಮಗುವಿನ ಯೋಚನೆ ಇದೆಯಾ ಎಂದೆಲ್ಲ ಕೇಳಿದರು. ಮಾರನೇ ದಿನ ಮೊಬೈಲಿಗೆ ಒಂದು ಸಾಲಿನ ಸಂದೇಶ ಬಂತು, ಆಯ್ಕೆಯಾಗಿಲ್ಲ ಎಂದು. ಯಾಕೆ ಎಂದು ಕೇಳಿದರೆ ಹೇಳುವವರಿಲ್ಲ. ಮಗಳು ಈಗ ಹೊಸಬರು ಮನೆಗೆ ಬಂದರೆ ನನ್ನ ಸೀರೆ ಹಿಂದೆ ಅವಿತುಕೊಳ್ಳುತ್ತಾಳೆ. ಇದಕ್ಕೆ ಯಾರು ಹೊಣೆ?

ಈಗ ದೂರಿನ ವಿಷಯಕ್ಕೆ ಬರುತ್ತೇನೆ. ನಾವು ಹೇಗೆ ದೂರು ಕೊಡುವುದು? ದೂರಿನಲ್ಲಿ ಮಗುವಿನ ಹೆಸರು ಇರುತ್ತದೆ. ಅದು ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಕಚೇರಿಗೆ ಹೋಗುತ್ತದೆ. ಅಲ್ಲಿಂದ ‘ವಿವರಣೆ ಕೊಡಿ’ ಎಂಬ ಪತ್ರದ ಜೊತೆಗೆ ನಮ್ಮ ದೂರಿನ ಪ್ರತಿಯೇ ಶಾಲೆಗೆ ಹೋಗುತ್ತದೆ. ನಮ್ಮ ಬೀದಿಯ ಒಬ್ಬರಿಗೆ ಹೀಗೇ ಆಯಿತು. ಸಂಜೆಯೊಳಗೆ ಶಾಲೆಯಿಂದ ಅವರಿಗೆ ಫೋನ್ ಬಂತು. ಹತ್ತು ಹನ್ನೆರಡು ವರ್ಷ ಮಗು ಓದಬೇಕಾದ ಜಾಗದ ಮೇಲೆ ಸೇರುವ ಮೊದಲೇ ದೂರು ಬರೆಯಲು ಯಾವ ತಾಯಿಗೆ ಧೈರ್ಯ ಬರುತ್ತದೆ? ಈ ಪತ್ರದಲ್ಲೂ ನನ್ನ ಹೆಸರು ಹಾಕಬೇಡಿ. ಆ ಅರ್ಜಿ ಇನ್ನೂ ಅವರ ಮೇಜಿನ ಮೇಲಿದೆ.

ದೂರು ಬರಲೇಬೇಕು ಎಂದು ಕಾನೂನು ಹೇಳುತ್ತದೆಯೇ? ಶಿಕ್ಷಣ ಹಕ್ಕು ಕಾಯ್ದೆ (ಆರ್‌ಟಿಇ) 2009ರದು, ಜಾರಿಗೆ ಬಂದಿದ್ದು 2010ರ ಏಪ್ರಿಲ್ 1ರಂದು. ಅದರ 13ನೇ ಸೆಕ್ಷನ್ ಪ್ರಕಾರ ಡೊನೇಷನ್ ಪಡೆಯುವಂತಿಲ್ಲ, ಮಗುವನ್ನಾಗಲಿ ಅಪ್ಪ ಅಮ್ಮನನ್ನಾಗಲಿ ಪರೀಕ್ಷೆ ಮಾಡಿ ಆರಿಸುವಂತಿಲ್ಲ. ಪರೀಕ್ಷೆ ಮಾಡಿದರೆ ಮೊದಲ ಸಲ 25,000 ರೂಪಾಯಿವರೆಗೆ ದಂಡ, ಆಮೇಲೆ ಪ್ರತಿ ಸಲ 50,000ದವರೆಗೆ. ನಮ್ಮ ಬಡಾವಣೆಯ ಶಾಲೆ ಇಪ್ಪತ್ತೈದು ಅರ್ಜಿ ಮಾರಿದರೆ ಮೊದಲ ದಂಡದ ದುಡ್ಡು ಬಂತು. ಇಂಥ ದಂಡಕ್ಕೆ ಯಾವ ಶಾಲೆ ಹೆದರುತ್ತದೆ? ಆ ದಂಡವನ್ನಾದರೂ ನಮ್ಮ ಊರಲ್ಲಿ ಯಾರಾದರೂ ಕಟ್ಟಿದ್ದಾರಾ? ಆ ಲೆಕ್ಕವನ್ನು ಅಧಿಕಾರಿಗಳೇ ನಿಮ್ಮ ಪತ್ರಿಕೆಗೆ ಕೊಡಲಿ.

ಇನ್ನು ಶಾಲೆಯವರ ವಾದ ಕೇಳಿ. ಆ ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ, ಎಲ್‌ಕೆಜಿಗೆ ಅನ್ವಯ ಇಲ್ಲ, ದೆಹಲಿ ಹೈಕೋರ್ಟ್ 2013ರಲ್ಲೇ ಹೇಳಿದೆ ಎನ್ನುತ್ತಾರೆ. ಆ ತೀರ್ಪು ಬಂದಿರುವುದು ನಿಜ. ಆದರೆ ಎಲ್‌ಕೆಜಿಗೆ ಸೇರಿದ ಮಕ್ಕಳೇ ಯುಕೆಜಿಗೆ, ಅವರೇ ಒಂದನೇ ತರಗತಿಗೆ ಹೋಗುವುದು. ಒಂದನೇ ತರಗತಿ ಬರುವಷ್ಟರಲ್ಲಿ ಸೀಟು ಎಲ್ಲಿರುತ್ತದೆ? ಬಾಗಿಲಲ್ಲೇ ಜರಡಿ ಹಿಡಿದು, ಒಳಗೆ ಪರೀಕ್ಷೆ ಮಾಡುವುದಿಲ್ಲ ಎಂದರೆ ಕಾಯ್ದೆಯಿಂದ ನಮಗೇನು ಲಾಭ? ಡೊನೇಷನ್ ನಿಷೇಧಕ್ಕೆ ನಮ್ಮ ರಾಜ್ಯದಲ್ಲಿ 1984ರಿಂದಲೇ ಬೇರೆ ಕಾಯ್ದೆ ಇದೆ. ಆದರೂ ‘ಬಿಲ್ಡಿಂಗ್ ಫಂಡ್’ ಅಂತ ರಸೀದಿ ಇಲ್ಲದೆ ದುಡ್ಡು ಕೇಳುತ್ತಾರೆ. ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಜಿಲ್ಲಾ ಶಿಕ್ಷಣ ನಿಯಂತ್ರಣ ಪ್ರಾಧಿಕಾರ ಅಂತಲೂ ಒಂದಿದೆ. ನಮ್ಮ ಸಾಲಿನಲ್ಲಿದ್ದವರಲ್ಲಿ ಅದರ ಹೆಸರು ಕೇಳಿದವರೇ ಇರಲಿಲ್ಲ. ಶುಲ್ಕದ ವಿವರವನ್ನು ನೋಟಿಸ್ ಬೋರ್ಡಿಗೆ ಹಾಕಿ ಎಂದು ಇಲಾಖೆ ಸುತ್ತೋಲೆ ಹೊರಡಿಸುತ್ತಲೇ ಇರುತ್ತದೆ. ಆ ಬೋರ್ಡು ನೋಡಬೇಕಾದರೆ ಮೊದಲು ಗೇಟಿನೊಳಗೆ ಬಿಡಬೇಕಲ್ಲ?

ಪೋಷಕರ ಆತಂಕ ಜಾಸ್ತಿ ಆಗಿದ್ದಕ್ಕೆ ಸರ್ಕಾರವೂ ಕಾರಣ. ಒಂದನೇ ತರಗತಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು ಎಂದು 2022ರ ಜುಲೈನಲ್ಲಿ ಆದೇಶ ಮಾಡಿದರು. ಅದೇ ನವೆಂಬರ್‌ನಲ್ಲಿ, 2025–26ರಿಂದ ಜಾರಿ ಎಂದು ಮುಂದಕ್ಕೆ ಹಾಕಿದರು. 2025ರ ಏಪ್ರಿಲ್‌ನಲ್ಲಿ, ಯುಕೆಜಿ ಮುಗಿಸಿದ್ದರೆ ಐದು ವರ್ಷ ಐದು ತಿಂಗಳಾದರೂ ಸಾಕು, ಆದರೆ ಇದೊಂದೇ ವರ್ಷ ಎಂದರು. ಅಷ್ಟರಲ್ಲಿ ನನ್ನ ಅಕ್ಕ ತನ್ನ ಮಗನನ್ನು ಇನ್ನೊಂದು ವರ್ಷ ಯುಕೆಜಿಯಲ್ಲೇ ಕೂರಿಸಲು ದುಡ್ಡು ಕಟ್ಟಿ ಆಗಿತ್ತು. ಆ ದುಡ್ಡು ಯಾರು ಕೊಡುತ್ತಾರೆ? ನನ್ನ ಮಗಳು ಹುಟ್ಟಿದ್ದು ಜೂನ್ ಎರಡನೇ ವಾರ. ಕೆಲವೇ ದಿನ ಕಡಿಮೆ. ಒಂದು ಶಾಲೆ ಪರವಾಗಿಲ್ಲ ಎನ್ನುತ್ತದೆ, ಇನ್ನೊಂದು ಮುಂದಿನ ವರ್ಷ ಬನ್ನಿ ಎನ್ನುತ್ತದೆ. ಸೇರಿಸಿದ ಮೇಲೆ ಮತ್ತೆ ನಿಯಮ ಬದಲಾದರೆ? ಇದನ್ನು ಕೇಳಲು ಬಿಇಒ ಕಚೇರಿಗೆ ಹೋದರೆ ಸಾಹೇಬರು ಮೀಟಿಂಗ್‌ನಲ್ಲಿರುತ್ತಾರೆ. ಅದೇ ಸಾಹೇಬರು ನಮ್ಮ ಬಡಾವಣೆಯ ಶಾಲೆಯ ವಾರ್ಷಿಕೋತ್ಸವಕ್ಕೆ ಬಂದು ಹಾರ ಹಾಕಿಸಿಕೊಂಡು ಹೋದ ಫೋಟೊ ನಿಮ್ಮ ಪತ್ರಿಕೆಯಲ್ಲೇ ಬಂದಿತ್ತು. ಆಗ ದಾರಿ ಗೊತ್ತಿತ್ತಲ್ಲ!

ಪಾಲಿಕೆಯದು ಇನ್ನೊಂದು ಕತೆ. ಮಗಳ ಜನನ ಪ್ರಮಾಣಪತ್ರದಲ್ಲಿ ನನ್ನ ಹೆಸರಿನ ಒಂದು ಅಕ್ಷರ ತಪ್ಪು ಹಾಕಿದ್ದು ಅವರು. ತಿದ್ದಿಸಲು ಅಫಿಡವಿಟ್ ಮಾಡಿಸಿ ಅಲೆದವಳು ನಾನು. ಕೌಂಟರಿನಲ್ಲಿ ಸರ್ವರ್ ಇಲ್ಲ, ಸರ್ವರ್ ಇದ್ದ ದಿನ ಸಹಿ ಹಾಕುವವರಿಲ್ಲ. ಆ ಪ್ರಮಾಣಪತ್ರ ಕೈಗೆ ಬರುವಷ್ಟರಲ್ಲಿ ಎರಡು ಶಾಲೆಗಳ ಅರ್ಜಿ ಅವಧಿ ಮುಗಿದೇ ಹೋಗಿತ್ತು.

ಸರ್ಕಾರಿ ಶಾಲೆಗೆ ಸೇರಿಸಿ ಎಂದು ಬುದ್ಧಿ ಹೇಳುವವರಿದ್ದಾರೆ. ನಮಗೇನು ಸರ್ಕಾರಿ ಶಾಲೆ ಮೇಲೆ ದ್ವೇಷವೇ? ನಾನು ಓದಿದ್ದೇ ಅಲ್ಲಿ. ನಮ್ಮ ಬಡಾವಣೆಯ ಸರ್ಕಾರಿ ಶಾಲೆಯಲ್ಲಿ ಎಲ್‌ಕೆಜಿ ಇಲ್ಲ. ಐದು ತರಗತಿಗೆ ಇಬ್ಬರು ಟೀಚರು. ಅವರಲ್ಲೊಬ್ಬರು ಸದಾ ಸಮೀಕ್ಷೆ, ಗಣತಿ, ಚುನಾವಣೆ ಕೆಲಸದಲ್ಲಿರುತ್ತಾರೆ. ಎಲ್‌ಕೆಜಿ ಇರುವ ಕರ್ನಾಟಕ ಪಬ್ಲಿಕ್ ಶಾಲೆ ನಮಗೆ ದೂರ, ಅಲ್ಲೂ ಸೀಟಿಗೆ ನೂಕುನುಗ್ಗಲು. ಮೊದಲು ಬಡವರ ಮಕ್ಕಳಿಗೆ ಖಾಸಗಿ ಶಾಲೆಯಲ್ಲಿ ಆರ್‌ಟಿಇ ಅಡಿ ಶೇ 25ರಷ್ಟು ಸೀಟಾದರೂ ಇತ್ತು. ಹತ್ತಿರ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿಯವರು ಕೊಡಬೇಕಿಲ್ಲ ಎಂದು 2019ರಲ್ಲಿ ನಿಯಮ ಬದಲಾಯಿಸಿದರು. ನಮ್ಮ ಮನೆ ಕೆಲಸಕ್ಕೆ ಬರುವವರ ದೊಡ್ಡ ಮಗಳು ಆರ್‌ಟಿಇಯಲ್ಲಿ ಸೇರಿ ಚೆನ್ನಾಗಿ ಓದುತ್ತಿದ್ದಾಳೆ. ಚಿಕ್ಕವಳಿಗೆ ಆ ಸೀಟು ಸಿಗಲಿಲ್ಲ. ಆ ತಾಯಿಗೂ ಮನೋಭಾವ ಬದಲಾಯಿಸಿಕೊಳ್ಳಿ ಎಂದು ಹೇಳುತ್ತೀರಾ?

ಅಧಿಕಾರಿಗಳೇ, ಏನಾದರೂ ಒಂದು ಮಾಡಿ. ಎಲ್ಲ ಶಾಲೆಗಳ ಸೀಟು, ಶುಲ್ಕ ಎಲ್ಲವನ್ನೂ ಒಂದೇ ಕಡೆ ಪ್ರಕಟಿಸಿ, ಎಲ್ಲರೆದುರು ಲಾಟರಿ ಎತ್ತಿಸಿ. ಇಲ್ಲವೇ ಮಕ್ಕಳ ಸಂದರ್ಶನ ಮಾಡುವ ಶಾಲೆಯ ಮಾನ್ಯತೆ ರದ್ದು ಮಾಡಿ. ಅಥವಾ ಪ್ರತಿ ಬಡಾವಣೆಯ ಸರ್ಕಾರಿ ಶಾಲೆಯಲ್ಲೂ ಎಲ್‌ಕೆಜಿ ತೆರೆದು ಸರಿಯಾಗಿ ಟೀಚರು ಕೊಡಿ, ನಾವೇ ಮೊದಲು ಬಂದು ಸೇರಿಸುತ್ತೇವೆ. ಯಾವುದನ್ನು ಕೇಳಿದರೂ ಸಿಬ್ಬಂದಿ ಇಲ್ಲ ಎನ್ನುತ್ತೀರಿ. ಇಲ್ಲದಿದ್ದರೆ ನೇಮಕ ಮಾಡಿಕೊಳ್ಳಿ, ಅದಕ್ಕೂ ನಾವೇ ಬರಬೇಕಾ? ಅಷ್ಟೂ ಆಗದಿದ್ದರೆ ನಮ್ಮ ಕೈಲಿ ಆಗಲ್ಲ ಎಂದು ಬರೆದುಕೊಟ್ಟು ಕುರ್ಚಿ ಬಿಟ್ಟು ಏಳಿ.

– ಒಬ್ಬ ತಾಯಿ, ಮೈಸೂರು