ಅನಿಮೆ ಶಿಫಾರಸು: ಹೆಸರೊಂದೇ ಹೇಳಿದರೆ ಸಾಲದು

ಸಂಪಾದಕರೇ,

ತಾವು ನೋಡುತ್ತಿರುವ ಅನಿಮೆ, ಅಂದರೆ ಜಪಾನಿನ ಆನಿಮೇಷನ್ ಸರಣಿಗಳ ಬಗ್ಗೆ ಓದುಗರು ಭಾನುವಾರದ ಪುರವಣಿಗೆ ಬರೆಯುತ್ತಿರುವ ಪುಟ್ಟ ಟಿಪ್ಪಣಿಗಳು ನಮಗೆ ತುಂಬ ಖುಷಿ ಕೊಟ್ಟಿವೆ. ಮುಂಬಯಿ ಕನ್ನಡಿಗರ ಮನೆಗಳಲ್ಲಿ ಮಕ್ಕಳು ವರ್ಷಗಳಿಂದ ನೋಡುತ್ತ ಬಂದದ್ದು ಈಗ ಕನ್ನಡ ಪತ್ರಿಕೆಯ ಮಾತಾಗಿದೆ. ಆದರೆ ಹೆಚ್ಚಿನ ಟಿಪ್ಪಣಿಗಳಲ್ಲಿರುವುದು ಒಂದು ಹೆಸರು, ಅದರ ಮುಂದೆ ‘ಸೂಪರ್’, ‘ತಪ್ಪದೆ ನೋಡಿ’ ಅಷ್ಟೇ. ಅದನ್ನು ನಂಬಿ ಹುಡುಕಲು ಹೊರಟವರಿಗೆ ಒಂದೇ ಹೆಸರಿನ ಎರಡು ಸರಣಿ, ನಡುವೆ ಒಂದು ಸಿನಿಮಾ, ‘ಫೈನಲ್ ಸೀಸನ್’ ಎಂದು ನಾಲ್ಕು ತುಂಡು ಎದುರಾಗುತ್ತವೆ. ಅವರು ತಪ್ಪು ಬಾಗಿಲಿನಿಂದ ಒಳಹೊಕ್ಕು, ಎರಡು ಕಂತು ನೋಡಿ, ‘ನಮಗಲ್ಲ ಇದು’ ಎಂದು ಬಿಟ್ಟುಬಿಡುತ್ತಾರೆ. ತಪ್ಪು ನೋಡಿದವರದಲ್ಲ, ಶಿಫಾರಸು ಮಾಡಿದವರದು.

ಮೊದಲು ಲೆಕ್ಕ ಹೇಳಬೇಕು. ಅನಿಮೆಯ ಒಂದು ಕಂತು ಸುಮಾರು 24 ನಿಮಿಷ. ಶುರುವಿನ ಹಾಡಿಗೆ ಒಂದೂವರೆ, ಕೊನೆಯ ಹಾಡಿಗೆ ಒಂದೂವರೆ ನಿಮಿಷ ಕಳೆದರೆ ಕಥೆ ಉಳಿಯುವುದು 21 ನಿಮಿಷ. ಜಪಾನಿನ ಟಿವಿಯಲ್ಲಿ ಹೊಸ ಸರಣಿಗಳು ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್‌ನಲ್ಲಿ ಶುರುವಾಗಿ ಮೂರು ತಿಂಗಳು ವಾರಕ್ಕೊಂದರಂತೆ ಬರುತ್ತವೆ. 12 ಅಥವಾ 13 ಕಂತುಗಳ ಕಟ್ಟು ಹುಟ್ಟಿದ್ದು ಹೀಗೆ. ಹಾಡು ದಾಟಿಸಿದರೆ 12 ಕಂತಿಗೆ ನಾಲ್ಕು ಗಂಟೆ ಚಿಲ್ಲರೆ. ಡೊಂಬಿವಲಿಯಿಂದ ಸಿಎಸ್‌ಎಂಟಿಗೆ ಫಾಸ್ಟ್ ಲೋಕಲ್ ಹಿಡಿಯುವವರಿಗೆ ಹೋಗುತ್ತ ಮೂರು ಕಂತು, ಬರುತ್ತ ಮೂರು. ಎರಡು ದಿನದಲ್ಲಿ ಮುಗಿಯುತ್ತದೆ. ಇದೇ ಮಾತನ್ನು 500 ಕಂತಿನ ‘ನರುಟೊ ಶಿಪ್ಪುಡೆನ್’ ಬಗ್ಗೆ ಹೇಳಲಾಗದು. ಕಂತು ಎಷ್ಟೆಂದು ತಿಳಿಸದ ಶಿಫಾರಸು, ಊಟಕ್ಕೆ ಕರೆದು ಹೊತ್ತು ಹೇಳದೆ ಹೋದ ಹಾಗೆ.

ನರುಟೊ ಮಾತು ಬಂತಲ್ಲ, ‘ಫಿಲ್ಲರ್’ ಬಗ್ಗೆಯೂ ಹೇಳಿಬಿಡುತ್ತೇವೆ. ಮೂಲ ಕಥೆ ಮಂಗಾ, ಅಂದರೆ ಕಾಮಿಕ್ಸ್ ಆಗಿ ವಾರಪತ್ರಿಕೆಯಲ್ಲಿ ವಾರಕ್ಕೆ ಸುಮಾರು ಇಪ್ಪತ್ತು ಪುಟದಂತೆ ಬರುತ್ತದೆ. ಅನಿಮೆಯ ಒಂದು ಕಂತು ಸಾಮಾನ್ಯವಾಗಿ ಅಂಥ ಎರಡು ವಾರದ ಪುಟಗಳನ್ನಾದರೂ ನುಂಗುತ್ತದೆ. ಹೀಗಾಗಿ ಬಿಡುವಿಲ್ಲದೆ ಓಡುವ ಸರಣಿ ಒಂದು ದಿನ ಮೂಲವನ್ನೇ ಮುಟ್ಟಿಬಿಡುತ್ತದೆ. ಆಗ ಸ್ಟುಡಿಯೊದವರು ಮೂಲದಲ್ಲಿಲ್ಲದ ಕಥೆ ಹೆಣೆದು ಹೊತ್ತು ಕಳೆಯುತ್ತಾರೆ. ಅದೇ ಫಿಲ್ಲರ್. ಮೊದಲ ‘ನರುಟೊ’ದ 220 ಕಂತುಗಳಲ್ಲಿ 136ರಿಂದ 219ರವರೆಗಿನ ಬಹುಪಾಲು ಇಂಥದ್ದೇ. ಅದನ್ನು ಬಿಟ್ಟು ಮುಂದಿನ ಸರಣಿಯಾದ ಶಿಪ್ಪುಡೆನ್‌ಗೆ ಹಾರಿದರೆ ಕಥೆಗೇನೂ ನಷ್ಟವಿಲ್ಲ. ಈ ಒಂದು ಸಾಲು ಗೊತ್ತಿಲ್ಲದೆ ಎಷ್ಟೋ ಮಂದಿ 150ರ ಹತ್ತಿರ ಬೇಸತ್ತು ನಿಲ್ಲಿಸುತ್ತಾರೆ, ಮುಂದಿನ ಒಳ್ಳೆಯ ಭಾಗ ಅವರಿಗೆ ಸಿಗುವುದೇ ಇಲ್ಲ.

ಇನ್ನು ಅನುಕ್ರಮ. ‘ಫುಲ್‌ಮೆಟಲ್ ಆಲ್ಕೆಮಿಸ್ಟ್’ ಎರಡಿವೆ. 2003ರದ್ದಕ್ಕೆ 51 ಕಂತು. ಆಗ ಮಂಗಾ ಮುಗಿದಿರಲಿಲ್ಲ, ಆದ್ದರಿಂದ ಅದು ಅರ್ಧದಾರಿಯಲ್ಲಿ ತನ್ನದೇ ಹಾದಿ ಹಿಡಿಯಿತು. 2009ರ ‘ಬ್ರದರ್‌ಹುಡ್’ಗೆ 64 ಕಂತು, ಅದು ಮೂಲವನ್ನು ಕೊನೆಯವರೆಗೆ ಅನುಸರಿಸುತ್ತದೆ. ಹೊಸಬರಿಗೆ ಎರಡನೆಯದನ್ನೇ ಹೇಳಿ. ಅದರ ಮೊದಲ ಕಂತು ಮೂಲದಲ್ಲಿಲ್ಲದ್ದು, ಒಂದೇ ಸಲಕ್ಕೆ ಹತ್ತಾರು ಪಾತ್ರಗಳನ್ನು ತಂದು ಗೊಂದಲ ಮಾಡುತ್ತದೆ. ಅಲ್ಲಿ ನಿಲ್ಲಬೇಡಿ, ಕಥೆಯ ಗಟ್ಟಿ ನೆಲ ಎರಡನೆಯ ಕಂತಿನಿಂದ.

‘ಡೀಮನ್ ಸ್ಲೇಯರ್’ ವಿಷಯದಲ್ಲಿ ಆಗುವ ತಪ್ಪು ಬೇರೆ. 2019ರ 26 ಕಂತು ಮುಗಿದ ಮೇಲೆ ‘ಮುಗೆನ್ ಟ್ರೇನ್’ ಬರುತ್ತದೆ. ಅದು 2020ರಲ್ಲಿ ಸಿನಿಮಾ, ಮರುವರ್ಷ ಅದನ್ನೇ ಟಿವಿಗೆಂದು ಏಳು ಕಂತು ಮಾಡಿದರು. ಏಳರಲ್ಲಿ ಮೊದಲನೆಯದು ಮಾತ್ರ ಹೊಸತು, ಉಳಿದ ಆರು ಸಿನಿಮಾವೇ. ಎರಡರಲ್ಲಿ ಒಂದು ನೋಡಿದರೆ ಸಾಕು. ಎರಡನ್ನೂ ಬಿಟ್ಟರೆ ಮುಂದಿನ 11 ಕಂತಿನ ಭಾಗದಲ್ಲಿ ಯಾರು ಯಾರಿಗಾಗಿ ಕಣ್ಣೀರು ಹಾಕುತ್ತಾರೆ ಎಂಬುದೇ ತಿಳಿಯದು. ‘ಅಟ್ಯಾಕ್ ಆನ್ ಟೈಟನ್’ನ ‘ಫೈನಲ್ ಸೀಸನ್’ ಎಂಬ ಹಣೆಪಟ್ಟಿಯಡಿ 16 ಕಂತು, 12 ಕಂತು, ಆಮೇಲೆ 2023ರಲ್ಲಿ ಎರಡು ಉದ್ದದ ವಿಶೇಷ ಕಂತುಗಳಿವೆ. ಅವೆರಡನ್ನೂ ನೋಡದೆ ಕಥೆ ಮುಗಿಯುವುದಿಲ್ಲ.

ಹೊಸಬರಿಗೆ, ಅದರಲ್ಲೂ ಐವತ್ತು ದಾಟಿದವರಿಗೆ, ಒಂದೇ ಒಂದು ಹೆಸರು ಹೇಳಿ ಎಂದರೆ ನಾವು ಹೇಳುವುದು ‘ಫ್ರೀರೆನ್’. ರಾಕ್ಷಸ ರಾಜನನ್ನು ಕೊಂದು ವೀರರು ಊರಿಗೆ ಮರಳಿದ ಮೇಲೆ ಈ ಕಥೆ ಶುರುವಾಗುತ್ತದೆ. ಆ ವೀರರಲ್ಲೊಬ್ಬಳು, ಸಾವಿರ ವರ್ಷಕ್ಕೂ ಮಿಕ್ಕಿ ಬಾಳಿದ ಮಾಂತ್ರಿಕಳು ಫ್ರೀರೆನ್‌. ಅವಳಿಗೆ ಜೊತೆಗಾರರೊಡನೆ ಕಳೆದ ಹತ್ತು ವರ್ಷ ಒಂದು ಸಂಜೆಯಷ್ಟು. ಐವತ್ತು ವರ್ಷ ಬಿಟ್ಟು ಬಂದು ನೋಡಿದರೆ ಗೆಳೆಯ ಹಿಮ್ಮೆಲ್ ಮುದುಕ. ಅವನ ಅಂತ್ಯಕ್ರಿಯೆಯಲ್ಲಿ ನಿಂತು, ಇವನನ್ನು ತಿಳಿದುಕೊಳ್ಳಲು ನಾನು ಯಾಕೆ ಪ್ರಯತ್ನಿಸಲಿಲ್ಲ ಎಂದು ಅಳುತ್ತಾಳೆ. ಅಲ್ಲಿಂದ ಮುಂದೆ ವರ್ಷಗಳ ಲೆಕ್ಕ ಹಿಮ್ಮೆಲ್ ತೀರಿಹೋದ ದಿನದಿಂದಲೇ ತೆರೆಯ ಮೇಲೆ ಬರುತ್ತದೆ. ಮೊದಲ ಭಾಗಕ್ಕೆ 28 ಕಂತು. 2023ರ ಸೆಪ್ಟೆಂಬರ್ 29ರಂದು ಜಪಾನಿನಲ್ಲಿ ಮೊದಲ ನಾಲ್ಕು ಕಂತುಗಳನ್ನು ಒಟ್ಟಿಗೆ ಎರಡು ಗಂಟೆಯ ಕಾರ್ಯಕ್ರಮವಾಗಿ ತೋರಿಸಿದರು. ನೀವೂ ಆ ನಾಲ್ಕನ್ನು ಒಂದೇ ಸಲ ಕುಳಿತು ನೋಡಿ. ಒಂದೇ ನೋಡಿ ಎದ್ದರೆ ‘ಏನೂ ಆಗಲೇ ಇಲ್ಲ’ ಅನ್ನಿಸುತ್ತದೆ. 18ರಿಂದ ಮಾಂತ್ರಿಕರ ಪರೀಕ್ಷೆಯ ಭಾಗ ಬರುತ್ತದೆ, ಲಯ ಬದಲಾಗುತ್ತದೆ, ಹೊಸ ಮುಖಗಳು ಜಾಸ್ತಿ. ಶಾಂತ ಪ್ರಯಾಣ ಮೆಚ್ಚಿದವರಿಗೆ ಇಲ್ಲಿ ಸ್ವಲ್ಪ ಕಸಿವಿಸಿ ಆಗಬಹುದೆಂದು ಮೊದಲೇ ಹೇಳಿಡುವುದು ಒಳ್ಳೆಯದು.

ಕರಾವಳಿಯಿಂದ ಬಂದ ಮನೆಗಳಿಗಾಗಿಯೇ ಇನ್ನೊಂದು ಹೆಸರಿದೆ, ಇದರ ಬಗ್ಗೆ ಯಾವ ಟಿಪ್ಪಣಿಯೂ ಬಾರದಿರುವುದು ನಮಗೆ ನಿಜಕ್ಕೂ ಬೇಸರ: ‘ಶೋವಾ ಗೆನ್‌ರೋಕು ರಾಕುಗೊ ಶಿಂಜೂ’. ರಾಕುಗೊ ಎಂದರೆ ಜಪಾನಿನ ಕಥೆ ಹೇಳುವ ಕಲೆ. ಕಲಾವಿದ ಒಬ್ಬನೇ, ದಿಂಬಿನ ಮೇಲೆ ಮಂಡಿಯೂರಿ ಕೂರುತ್ತಾನೆ. ಕೈಯಲ್ಲಿ ಒಂದು ಬೀಸಣಿಗೆ, ಒಂದು ವಸ್ತ್ರ. ಬಲಕ್ಕೆ ಮುಖ ತಿರುಗಿಸಿದರೆ ಒಬ್ಬ, ಎಡಕ್ಕೆ ತಿರುಗಿಸಿದರೆ ಇನ್ನೊಬ್ಬ. ಮಡಿಸಿದ ಬೀಸಣಿಗೆಯೇ ಊಟದ ಕಡ್ಡಿಯಾಗುತ್ತದೆ, ವಸ್ತ್ರವೇ ಹಣದ ಚೀಲ. ಮಳೆಗಾಲದಲ್ಲಿ ಊರಿನ ಕಲಾವಿದರು ಮುಂಬಯಿಗೆ ಬಂದಾಗ ವೇಷವಿಲ್ಲದ, ಕುಣಿತವಿಲ್ಲದ ತಾಳಮದ್ದಳೆಗೆ ಗಂಟೆಗಟ್ಟಲೆ ಕಿವಿಗೊಟ್ಟು ಕೂರುವ ಹಿರಿಯರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ಅರ್ಥಧಾರಿಯ ಒಂದು ಮೌನಕ್ಕೆ ಸಭೆ ಉಸಿರು ಬಿಗಿಹಿಡಿಯುವುದು ಅವರಿಗೆ ಗೊತ್ತು.

ಈ ಸರಣಿಯಲ್ಲಿ ಸಾವಿನ ದೇವತೆಯ ಕಥೆಯೊಂದು ಮತ್ತೆ ಮತ್ತೆ ಬರುತ್ತದೆ. ಗುಹೆಯ ತುಂಬ ಉರಿಯುವ ಮೇಣದ ಬತ್ತಿಗಳು, ಒಂದೊಂದೂ ಒಬ್ಬೊಬ್ಬರ ಆಯುಸ್ಸು. ಕಥಾನಾಯಕ ನಡುಗುವ ಕೈಯಲ್ಲಿ ತನ್ನ ಬತ್ತಿಯನ್ನು ಉಳಿಸಿಕೊಳ್ಳಲು ನೋಡುತ್ತಾನೆ. ಬತ್ತಿ ಆರುತ್ತದೆ, ಕಲಾವಿದ ಕುಳಿತಲ್ಲೇ ಮುಂದಕ್ಕೆ ಕುಸಿದು ಬೀಳುತ್ತಾನೆ. ಕಥೆಗೆ ಬೇರೆ ಕೊನೆಯ ಮಾತಿಲ್ಲ.

ಆದರೆ ದಾರಿ ತಪ್ಪುವುದು ಎಲ್ಲಿ ಎಂದೂ ಹೇಳಬೇಕು. ಮೊದಲ ಕಂತು ಮಾಮೂಲಿನ ಎರಡರಷ್ಟು ಉದ್ದ, ಜೈಲಿನಿಂದ ಬಿಡುಗಡೆಯಾಗಿ ಬಂದ ಯೊತಾರೊ ಅದರ ಕೇಂದ್ರ. ಎರಡನೆಯದರಿಂದ ಕಥೆ ದಶಕಗಳ ಹಿಂದಕ್ಕೆ ಹೋಗುತ್ತದೆ, 13ನೆಯದರವರೆಗೂ ಹೆಚ್ಚುಕಡಿಮೆ ಅಲ್ಲೇ ಇರುತ್ತದೆ. ಯೊತಾರೊನ ಕಥೆ ನಿಜವಾಗಿ ಮುಂದುವರಿಯುವುದು 2017ರ ಎರಡನೇ ಭಾಗದ 12 ಕಂತುಗಳಲ್ಲಿ. ಇನ್ನೊಂದು ತೊಡಕು ಹೆಸರು. ಅಲ್ಲಿ ಕಲಾವಿದನ ಹೆಸರು ಪರಂಪರೆಯಿಂದ ಬರುವ ಬಿರುದು. ಯುವಕ ಕಿಕುಹಿಕೊನೇ ಮುಂದೆ ಯಾಕುಮೊ, ಹತ್ಸುತಾರೊನೇ ಸುಕೆರೊಕು. ನೋಡಲು ಕೂರುವ ಮುಂಚೆ ಒಂದು ಚೀಟಿಯಲ್ಲಿ ಈ ಎರಡು ಜೋಡಿ ಬರೆದುಕೊಟ್ಟರೆ ಹಿರಿಯರು ಸಲೀಸಾಗಿ ಹಿಂಬಾಲಿಸುತ್ತಾರೆ. ಹತ್ತು ವರ್ಷದ ಮಕ್ಕಳಿಗೆ ಇದು ಹಿಡಿಸುವುದಿಲ್ಲ, ಒತ್ತಾಯ ಬೇಡ.

ಭಾಷೆಯ ಆಯ್ಕೆಯನ್ನೂ ಟಿಪ್ಪಣಿಯಲ್ಲಿ ಬರೆಯಿರಿ. ಜಪಾನಿ ಧ್ವನಿ ಇಟ್ಟುಕೊಂಡು ಅಡಿಬರಹ ಓದುವವರು ಪಟ್ಟಿಯಲ್ಲಿ ‘ಸಿಸಿ’ ಎಂದಿರುವ ಇಂಗ್ಲಿಷನ್ನು ಆರಿಸಬೇಡಿ. ಅದು ಸಾಮಾನ್ಯವಾಗಿ ಇಂಗ್ಲಿಷ್ ಡಬ್ಬಿಂಗ್‌ನ ಮಾತಿನ ಬರಹ, ತುಟಿಯ ಚಲನೆಗೆ ಹೊಂದಿಸಿದ್ದು, ಕಿವಿಗೆ ಬೀಳುವುದಕ್ಕೂ ಕಣ್ಣಿಗೆ ಕಾಣುವುದಕ್ಕೂ ತಾಳೆಯಾಗದು. ಬರೀ ‘ಇಂಗ್ಲಿಷ್’ ಎಂದಿರುವುದೇ ಬೇಕು. ಲೋಕಲ್‌ನ ನೂಕುನುಗ್ಗಲಲ್ಲಿ ನಿಂತು ಫೋನಿನಲ್ಲಿ ಅಡಿಬರಹ ಓದಲಾಗದು, ಅಲ್ಲಿಗೆ ಹಿಂದಿ ಡಬ್ಬಿಂಗ್ ಇರುವುದನ್ನೇ ಮನೆಯ ವೈಫೈನಲ್ಲಿ ಇಳಿಸಿಕೊಂಡು ಹೋಗಿ.

ಮನೆಯ ದೊಡ್ಡ ಟಿವಿಯಲ್ಲಿ ನೋಡುವವರು ಪಿಕ್ಚರ್ ಸೆಟ್ಟಿಂಗ್ಸ್‌ಗೆ ಹೋಗಿ ‘ಮೋಷನ್’ ಎಂಬ ಪದವಿರುವ ಆಯ್ಕೆಯನ್ನು ಆಫ್ ಮಾಡಿ. ಸೆಕೆಂಡಿಗೆ 24 ಚೌಕಟ್ಟು ಇದ್ದರೂ ಅನಿಮೆಯಲ್ಲಿ ಒಂದೇ ಚಿತ್ರ ಎರಡು ಅಥವಾ ಮೂರು ಚೌಕಟ್ಟು ನಿಲ್ಲುತ್ತದೆ, ಅಂದರೆ ಸೆಕೆಂಡಿಗೆ 12 ಅಥವಾ 8 ಚಿತ್ರ. ಟಿವಿ ಅವುಗಳ ನಡುವೆ ತಾನೇ ಚಿತ್ರ ಊಹಿಸಿ ತುರುಕಿದರೆ ಗೆರೆಗಳು ಕದಡಿ, ಕತ್ತಿಯ ಬೀಸು ರಬ್ಬರಿನಂತೆ ಕಾಣುತ್ತದೆ. ಚಿತ್ರಕಾರರು ಬೇಕೆಂದೇ ಇಟ್ಟ ಚುರುಕು ಹೋಗಿಬಿಡುತ್ತದೆ.

ವಯಸ್ಸಿನ ಮಾತು ಎಲ್ಲಕ್ಕಿಂತ ಮುಖ್ಯ. ದುಂಡು ಮುಖದ ಮಕ್ಕಳ ಚಿತ್ರ ಕಂಡ ಕೂಡಲೇ ಮಕ್ಕಳದ್ದೆಂದು ತಿಳಿಯಬೇಡಿ. ‘ಶಿನ್‌ಚಾನ್’ ಕೂಡ 1990ರಲ್ಲಿ ಶುರುವಾಗಿದ್ದು ದೊಡ್ಡವರ ಮಂಗಾ ಪತ್ರಿಕೆಯಲ್ಲಿ. 2017ರ ‘ಮೇಡ್ ಇನ್ ಅಬಿಸ್’ 13 ಕಂತಿನ ಸರಣಿ, ಪೋಸ್ಟರ್ ನೋಡಿದರೆ ಚಂದಮಾಮ ಕಥೆಯಂತಿದೆ. ಅದರ 10ನೇ ಕಂತನ್ನು ದೊಡ್ಡವರೂ ಕಷ್ಟಪಟ್ಟು ನೋಡಬೇಕು. ಬಹಳ ದೊಡ್ಡ ಕೃತಿ ಅದು, ಆದರೆ ಮೂರನೇ ತರಗತಿಯವರ ಕೈಗೆ ಕೊಡುವಂಥದ್ದಲ್ಲ.

ಕೊನೆಗೆ ಕನ್ನಡದ ಮಾತು. 2025ರ ಜನವರಿಯಲ್ಲಿ ಯೂಗೊ ಸಾಕೊ ಅವರ ಭಾರತ-ಜಪಾನ್ ರಾಮಾಯಣ ಅನಿಮೆ ಮತ್ತೆ ತೆರೆಗೆ ಬಂದಾಗ ಇಂಗ್ಲಿಷ್, ಹಿಂದಿ, ತಮಿಳು, ತೆಲುಗು ಇತ್ತು. ಅದೇ ವರ್ಷದ ಸೆಪ್ಟೆಂಬರ್ 12ರಂದು ‘ಡೀಮನ್ ಸ್ಲೇಯರ್’ನ ‘ಇನ್ಫಿನಿಟಿ ಕ್ಯಾಸಲ್’ ಬಂದಾಗಲೂ ಜಪಾನಿಯ ಜೊತೆಗೆ ಅವೇ ನಾಲ್ಕು. ಎರಡರಲ್ಲೂ ಕನ್ನಡವಿರಲಿಲ್ಲ. ಕನ್ನಡ ಡಬ್ಬಿಂಗ್‌ಗೆ ಅಡ್ಡಿ ಮಾಡುವುದು ತಪ್ಪೆಂದು ಭಾರತೀಯ ಸ್ಪರ್ಧಾ ಆಯೋಗ 2015ರಲ್ಲೇ ಹೇಳಿಯಾಗಿದೆ. ಕನ್ನಡಕ್ಕೆ ಈ ಕೆಲಸ ಒಗ್ಗುವಷ್ಟು ಇಂಗ್ಲಿಷಿಗೆ ಒಗ್ಗುವುದಿಲ್ಲ. ಜಪಾನಿಯಲ್ಲಿ ಎದುರಿನವರನ್ನು ಕರೆಯಲು ಸಲಿಗೆಯ, ಗೌರವದ, ತಿರಸ್ಕಾರದ ಪದಗಳು ಬೇರೆಬೇರೆ. ಇಂಗ್ಲಿಷ್ ಅಡಿಬರಹದಲ್ಲಿ ಎಲ್ಲವೂ ‘ಯೂ’. ನಮ್ಮಲ್ಲಿ ನೀನು, ನೀವು, ತಾವು ಇವೆ. ಜಪಾನಿಯಲ್ಲೂ ಕನ್ನಡದಂತೆ ಕ್ರಿಯಾಪದ ಕೊನೆಗೆ, ‘ಇಲ್ಲ’ ಎಂಬುದೂ ಕೊನೆಗೇ. ಪಾತ್ರ ತಡೆದು ತಡೆದು ಕೊನೆಯ ಪದಕ್ಕೆ ಬರುವಷ್ಟರಲ್ಲಿ ಇಂಗ್ಲಿಷ್ ಸಾಲು ಎಲ್ಲವನ್ನೂ ಹೇಳಿ ಮುಗಿಸಿರುತ್ತದೆ. ಕನ್ನಡದ ವಾಕ್ಯವಾದರೆ ಆ ತಡೆಯನ್ನು ಹಾಗೇ ಹಿಡಿದಿಡುತ್ತದೆ. ಕನ್ನಡ ಡಬ್ಬಿಂಗ್ ಬರುವವರೆಗೆ ಮನೆಯ ಮಕ್ಕಳೇ ಅಜ್ಜ ಅಜ್ಜಿಯ ಪಕ್ಕ ಕುಳಿತು, ಬೇಕಾದಲ್ಲಿ ತಡೆದು ನಿಲ್ಲಿಸಿ, ಕನ್ನಡದಲ್ಲೋ ತುಳುವಿನಲ್ಲೋ ಅರ್ಥ ಹೇಳಬಹುದು.

ಟಿಪ್ಪಣಿ ಕಳಿಸುವವರು ಇಷ್ಟಾದರೂ ಬರೆಯಲಿ ಎಂದು ತಾವು ಪುರವಣಿಯಲ್ಲಿ ಸೂಚಿಸಬೇಕೆಂದು ನಮ್ಮ ವಿನಂತಿ. ಮಾದರಿಗೆ ಒಂದು:

‘ಹೈಕ್ಯೂ. ವಾಲಿಬಾಲ್ ಕಥೆ. ಕಂತು 25, 25, 10, 25, ಇದೇ ಕ್ರಮದಲ್ಲಿ. ಆಮೇಲೆ 2024ರ ಸಿನಿಮಾ. ಮೂರನೇ ಭಾಗದ ಹತ್ತೂ ಕಂತು ಒಂದೇ ಪಂದ್ಯ, ರಜೆಯ ದಿನ ಇಟ್ಟುಕೊಳ್ಳಿ. ಹತ್ತು ವರ್ಷ ದಾಟಿದ ಯಾರಾದರೂ ನೋಡಬಹುದು. ಊರಿನ ಗದ್ದೆಯಲ್ಲಿ ಬಲೆ ಕಟ್ಟಿ ಆಡಿದವರಿಗೆ ನಿಯಮ ವಿವರಿಸುವ ಜಾಗಗಳು ನಿಧಾನ ಅನ್ನಿಸಬಹುದು, ದಾಟಿಸಬೇಡಿ. ಕುಳ್ಳ ಹುಡುಗ ಕಣ್ಣುಮುಚ್ಚಿ ಹೊಡೆಯುವ ಹೊಡೆತ ಯಾಕೆ ಸಾಧ್ಯ ಎಂಬುದು ಅಲ್ಲೇ ಇದೆ.’

ಇತಿ,
ಡೊಂಬಿವಲಿ, ಘಾಟ್‌ಕೋಪರ್, ಮಾಟುಂಗಾದ ಕೆಲವು ಅನಿಮೆ ವೀಕ್ಷಕರು, ಮುಂಬಯಿ