ಸ್ಟೋರ್ಡ್ ಫಂಕ್ಷನ್‌ಗಳ ಪ್ಯಾರಾಮೀಟರ್ ಹೆಸರುಗಳ ಬದಲಾವಣೆ ಕುರಿತು ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರೇ,

ನಮ್ಮ ಲೆಕ್ಕಪತ್ರ ತಂತ್ರಾಂಶದ ಮುಂದಿನ ಆವೃತ್ತಿಯಲ್ಲಿ, ಡೇಟಾಬೇಸ್‌ನೊಳಗಿನ ಸ್ಟೋರ್ಡ್ ಫಂಕ್ಷನ್‌ಗಳ (ಡೇಟಾಬೇಸ್‌ನಲ್ಲೇ ಉಳಿಸಿಟ್ಟ ಪ್ರೋಗ್ರಾಂ ತುಣುಕುಗಳ) ಪ್ಯಾರಾಮೀಟರ್‌ಗಳ (ಕರೆಯುವಾಗ ಕಳುಹಿಸುವ ಮೌಲ್ಯಗಳ) ಹೆಸರು ‘ಪಿ_’ ಎಂದೂ ಒಳಗಿನ ವೇರಿಯಬಲ್‌ಗಳ ಹೆಸರು ‘ವಿ_’ ಎಂದೂ ಆರಂಭವಾಗಲಿವೆ. ಟೇಬಲ್‌ಗಳ ಕಾಲಂ ಹೆಸರುಗಳು ಈಗಿರುವಂತೆಯೇ ಇರುತ್ತವೆ. ಪರದೆಯ ಮೂಲಕವಷ್ಟೇ ತಂತ್ರಾಂಶ ಬಳಸುವವರಿಗೆ ಯಾವ ವ್ಯತ್ಯಾಸವೂ ಕಾಣದು. ತಮ್ಮದೇ ಪ್ರೋಗ್ರಾಂಗಳಿಂದ ಈ ಫಂಕ್ಷನ್‌ಗಳನ್ನು ಕರೆಯುವವರು ಮಾತ್ರ ದಯವಿಟ್ಟು ಮುಂದೆ ಓದಬೇಕು.

ಈ ಬದಲಾವಣೆಗೆ ಕಾರಣವಿದು. ಪ್ಯಾರಾಮೀಟರ್‌ಗೂ ಕಾಲಂಗೂ ಒಂದೇ ಹೆಸರಿದ್ದು, ಡಿಲೀಟ್ ಆದೇಶದಲ್ಲಿ ‘ಕಸ್ಟಮರ್_ಐಡಿ = ಕಸ್ಟಮರ್_ಐಡಿ’ ಎಂಬ ಷರತ್ತು ಬರೆದರೆ ಒರಾಕಲ್ ಎರಡೂ ಬದಿಯನ್ನು ಕಾಲಂ ಎಂದೂ, ಮೈಎಸ್‌ಕ್ಯೂಎಲ್ ಎರಡನ್ನೂ ಪ್ಯಾರಾಮೀಟರ್ ಎಂದೂ ತಿಳಿಯುತ್ತದೆ. ಹೇಗೆ ತಿಳಿದರೂ, ನಲ್ (ಖಾಲಿ) ಮೌಲ್ಯದ ಸಂದರ್ಭ ಬಿಟ್ಟರೆ, ಷರತ್ತು ಪ್ರತಿ ಸಾಲಿಗೂ ನಿಜವಾಗಿ ಟೇಬಲ್ ಬರಿದಾಗುತ್ತದೆ, ದೋಷಸಂದೇಶವೂ ಬರುವುದಿಲ್ಲ. ಪೋಸ್ಟ್‌ಗ್ರೆಸ್‌ಕ್ಯೂಎಲ್‌ನ ಪಿಎಲ್/ಪಿಜಿಎಸ್‌ಕ್ಯೂಎಲ್ ಭಾಷೆ 2010ರ 9.0 ಆವೃತ್ತಿಯಿಂದ ಇಂಥ ದ್ವಂದ್ವ ಕಂಡರೆ ಕೆಲಸ ನಿಲ್ಲಿಸಿ ದೋಷ ತೋರಿಸುತ್ತದೆ. ಇದೇ ಸರಿಯಾದ ನಡೆಯೆಂಬುದು ನಮ್ಮ ಅಭಿಪ್ರಾಯ. ಈ ಮೂರೂ ಡೇಟಾಬೇಸ್‌ಗಳ ಮೇಲೆ ನಡೆಯಬೇಕಾದ ತಂತ್ರಾಂಶಕ್ಕೆ ಯಾವುದೋ ಒಂದರ ನಿಯಮವನ್ನು ನಂಬಿಕೊಳ್ಳುವುದು ತರವಲ್ಲ. ಪ್ಯಾರಾಮೀಟರ್‌ನ ಮೊದಲಿಗೆ ಫಂಕ್ಷನ್ ಹೆಸರನ್ನೇ ಸೇರಿಸಿ ಬರೆಯುವ ಕ್ರಮ ನೋಡಲು ಇದಕ್ಕಿಂತ ಚೆಂದವಾದರೂ ಮೈಎಸ್‌ಕ್ಯೂಎಲ್‌ನಲ್ಲಿ ನಡೆಯದ ಕಾರಣ ಅದನ್ನು ಕೈಬಿಟ್ಟೆವು.

ಪ್ಯಾರಾಮೀಟರ್‌ಗಳ ಕ್ರಮ ಮತ್ತು ಟೈಪ್ ಬದಲಾಗದಿರುವುದರಿಂದ, ಮೌಲ್ಯಗಳನ್ನು ಕ್ರಮದಂತೆ ಕಳುಹಿಸುವ ಕರೆಗಳು ಎಂದಿನಂತೆ ನಡೆಯುತ್ತವೆ. ‘ಕಸ್ಟಮರ್_ಐಡಿ => 25’ ಎಂಬಂತೆ ಹೆಸರು ಹಿಡಿದು ಕರೆದಿರುವಲ್ಲಿ ಮಾತ್ರ ‘ಪಿ_ಕಸ್ಟಮರ್_ಐಡಿ => 25’ ಎಂದು ತಿದ್ದಬೇಕು. ಫಂಕ್ಷನ್ ಹಿಂದಿರುಗಿಸುವ ಟೇಬಲ್‌ನ ಕಾಲಂಗಳೂ ಪಿಎಲ್/ಪಿಜಿಎಸ್‌ಕ್ಯೂಎಲ್‌ನಲ್ಲಿ ವೇರಿಯಬಲ್‌ಗಳೇ ಆಗಿದ್ದರೂ, ನಿಮ್ಮ ವರದಿಗಳು ಅವುಗಳನ್ನು ಹೆಸರಿನಿಂದಲೇ ಓದುವುದರಿಂದ ಅವುಗಳನ್ನು ಬದಲಾಯಿಸಿಲ್ಲ. ಬದಲಿಗೆ ಒಳಗಿನ ಕ್ವೆರಿಗಳಲ್ಲಿ ಪ್ರತಿ ಕಾಲಂನ ಮೊದಲಿಗೆ ಟೇಬಲ್‌ನ ಅಲಿಯಾಸ್ (ಕ್ವೆರಿಯಲ್ಲಿ ಅದಕ್ಕೆ ಕೊಟ್ಟ ಬದಲಿ ಹೆಸರು) ಬರೆದಿದ್ದೇವೆ.

ಪೋಸ್ಟ್‌ಗ್ರೆಸ್‌ಕ್ಯೂಎಲ್ ಬಳಸುವವರಿಗೆ ಇನ್ನೊಂದು ಸೂಚನೆಯಿದೆ. ಅಲ್ಲಿ ‘ಕ್ರಿಯೇಟ್ ಆರ್ ರಿಪ್ಲೇಸ್’ ಆದೇಶದಿಂದ ಇನ್‌ಪುಟ್ ಪ್ಯಾರಾಮೀಟರ್‌ನ ಹೆಸರು ಬದಲಿಸಲಾಗದ ಕಾರಣ, ನಮ್ಮ ಅಪ್‌ಗ್ರೇಡ್ ಸ್ಕ್ರಿಪ್ಟ್ ಹಳೆಯ ಫಂಕ್ಷನ್ ಅಳಿಸಿ ಹೊಸದಾಗಿ ರಚಿಸುತ್ತದೆ. ಆಗ ಅದರ ಮೇಲೆ ನೀಡಿದ್ದ ಅನುಮತಿಗಳೂ ಅಳಿಯುತ್ತವೆ. ನಮ್ಮ ಮೂಲ ಅನುಮತಿಗಳನ್ನು ಸ್ಕ್ರಿಪ್ಟ್ ಮರಳಿ ನೀಡುತ್ತದೆ. ನೀವಾಗಿ ನೀಡಿದವುಗಳನ್ನು ಮೊದಲೇ ಬರೆದಿಟ್ಟುಕೊಂಡು ನಂತರ ಮತ್ತೆ ನೀಡಬೇಕು. ಫಂಕ್ಷನ್ ಅವಲಂಬಿಸಿದ ನಿಮ್ಮದೇ ವ್ಯೂ (ಹೆಸರಿಟ್ಟು ಉಳಿಸಿದ ಕ್ವೆರಿ) ಇದ್ದರೆ ಅಳಿಸುವ ಹಂತದಲ್ಲೇ ಸ್ಕ್ರಿಪ್ಟ್ ನಿಲ್ಲುವುದರಿಂದ, ಡೇಟಾಬೇಸ್‌ನ ಒಂದು ನಕಲಿನ ಮೇಲೆ ಮೊದಲು ಅಪ್‌ಗ್ರೇಡ್ ನಡೆಸಿ ನೋಡಿ, ನಿಂತ ಕಡೆಯ ದೋಷಸಂದೇಶವನ್ನು ನಮಗೆ ಕಳುಹಿಸಬೇಕೆಂದು ವಿನಂತಿ.

ಇಂತಿ ತಮ್ಮ ವಿಶ್ವಾಸಿಗಳು,
ಡೇಟಾಬೇಸ್ ವಿಭಾಗ